ನೆಲೆ ಬದಲಿಸುವ ಮುನ್ನ

ನೆಲೆ ಎಂಬುದು ಮನುಷ್ಯನಿಗೆ ಬರೀ ನಾಲ್ಕು ಗೋಡೆಗಳ ಮನೆಯಲ್ಲ. ದುಡಿಯುವ ಜಾಗ, ಕುಡಿಯುವ ನೀರು, ಮಕ್ಕಳು ಆಡುವ ಮಾತು, ಹೊತ್ತಲ್ಲದ ಹೊತ್ತಿನಲ್ಲಿ ಕರೆದರೆ ಬರುವ ನೆರೆಯವರು ಇವೆಲ್ಲವೂ ಸೇರಿದಾಗ ನೆಲೆಯಾಗುತ್ತದೆ. ಅಂಥ ನೆಲೆಯನ್ನು ಕದಲಿಸುವ ನಿರ್ಧಾರವನ್ನು ಆತುರದಲ್ಲಿ ಕೈಗೊಳ್ಳಬಾರದು. ಹಾಗೆಂದು ಭಯದಿಂದ ಕೈಬಿಡಲೂಬಾರದು.

ಕಡೂರು, ತರೀಕೆರೆ, ಅಜ್ಜಂಪುರದ ಕಡೆಯ ಅನೇಕ ಮನೆಗಳ ಮಕ್ಕಳು ಬೆಂಗಳೂರು ಸೇರಿ ಬಹಳ ಕಾಲವಾಯಿತು. ತೋಟದ ಕೊಳವೆಬಾವಿ ಬತ್ತಿದಾಗ ಆ ಸಂಬಳವೇ ಮನೆಯನ್ನು ಕಾಯ್ದದ್ದೂ ಉಂಟು. ಆ ಮೊದಲನೆಯ ವಲಸೆಗೆ ತಂದೆತಾಯಿಗಳ ಮನಸ್ಸು ಒಗ್ಗಿಕೊಂಡಿತು. ಈಗ ಎರಡನೆಯದು ಎದುರಾಗಿದೆ. ಬೆಂಗಳೂರಿನಲ್ಲಿರುವ ಮಗನಿಗೆ ಹೈದರಾಬಾದಿನಿಂದಲೋ ಪುಣೆಯಿಂದಲೋ ಮುಂಬಯಿಯಿಂದಲೋ ಕರೆ ಬರುತ್ತದೆ. ಆಗ ತಾಯಿ ಮಠಕ್ಕೆ ಬಂದು, "ಬುದ್ಧೀ, ತಾವೊಂದು ಮಾತು ಹೇಳಿದರೆ ಅವನು ಹೋಗುವುದಿಲ್ಲ" ಎನ್ನುತ್ತಾರೆ. ಮಗ ಬಂದು, "ಬುದ್ಧೀ, ಹೊರಡಲು ಒಳ್ಳೆಯ ದಿನ ನೋಡಿಕೊಡಿ" ಎನ್ನುತ್ತಾನೆ. ಹೊರಡುವ ಘಳಿಗೆಯನ್ನು ಪಂಚಾಂಗ ತಿಳಿಸಬಹುದು. ಹೊರಡಬೇಕೋ ಬೇಡವೋ ಎಂಬುದನ್ನು ಮಾತ್ರ ವಿವೇಕವೇ ತಿಳಿಸಬೇಕು.

ಊರು ಬಿಡುವುದು ದೋಷವೆಂದು ನಮ್ಮ ಪರಂಪರೆ ಎಲ್ಲಿಯೂ ಹೇಳಿಲ್ಲ. ಸಂಚಾರವನ್ನೇ ವ್ರತವಾಗಿಸಿಕೊಂಡ ಜಂಗಮರನ್ನು ಪೂಜಿಸುವ ನಾಡಿದು. ಉಡುತಡಿಯ ಅಕ್ಕಮಹಾದೇವಿ ಕಲ್ಯಾಣಕ್ಕೆ ನಡೆದರು, ಅಲ್ಲಿಂದ ಶ್ರೀಶೈಲಕ್ಕೆ ನಡೆದರು. ಸೊನ್ನಲಿಗೆಯ ಸಿದ್ಧರಾಮರು ಕಲ್ಯಾಣಕ್ಕೆ ಬಂದರು. ರಾಜ್ಯಗಳೂ ನೆಲೆ ಬದಲಿಸಿವೆ. ನಮ್ಮದೇ ಜಿಲ್ಲೆಯ ಮೂಡಿಗೆರೆ ತಾಲ್ಲೂಕಿನ ಸೊಸೆವೂರಿನಲ್ಲಿ, ಅಂದರೆ ಇಂದಿನ ಅಂಗಡಿಯಲ್ಲಿ, ಬೇರುಬಿಟ್ಟ ಹೊಯ್ಸಳರು ಬೇಲೂರಿಗೂ ದೋರಸಮುದ್ರಕ್ಕೂ ಹೋದರು. ಆದರೆ ಏತಕ್ಕಾಗಿ ಹೋಗುತ್ತಿದ್ದೇವೆ ಎಂಬುದು ಹೊರಟವರಿಗೆ ಸ್ಪಷ್ಟವಾಗಿತ್ತು.

ಆದ್ದರಿಂದ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಇದು: ಇರುವ ಊರಿನಿಂದ ಓಡುತ್ತಿದ್ದೇವೆಯೋ, ಹೋಗುವ ಊರಿನಲ್ಲಿ ಮಾಡಬೇಕಾದ ಕೆಲಸವೊಂದಿದೆಯೋ? ಬೆಂಗಳೂರಿನ ವಾಹನದಟ್ಟಣೆಗೆ ಬೇಸತ್ತವನಿಗೆ ಮುಂಬಯಿಯಲ್ಲಿ ಬಿಡುವಾದ ರಸ್ತೆ ಸಿಗುವುದಿಲ್ಲ. 2024ರ ಬೇಸಿಗೆಯಲ್ಲಿ ಬೆಂಗಳೂರಿನ ಕೊಳವೆಬಾವಿಗಳು ಬತ್ತಿ ಜನ ಟ್ಯಾಂಕರಿಗಾಗಿ ಕಾದದ್ದು ನಿಜ. 2019ರಲ್ಲಿ ಚೆನ್ನೈ ನಗರಕ್ಕೆ ಜೋಲಾರಪೇಟೆಯಿಂದ ರೈಲಿನಲ್ಲಿ ನೀರು ಸಾಗಿಸಬೇಕಾಗಿ ಬಂದದ್ದೂ ನಿಜ. ದೂರದ ಬೆಟ್ಟ ಕಣ್ಣಿಗೆ ನುಣ್ಣಗೆ. ಬರೀ ಬೇಸರದಿಂದ ಹೊರಟವನು ಆ ಬೇಸರವನ್ನೂ ಗಂಟುಕಟ್ಟಿಕೊಂಡೇ ಹೋಗುತ್ತಾನೆ. ಕಲಿತ ವಿದ್ಯೆಗೆ ತಕ್ಕ ಕೆಲಸ, ಇಲ್ಲಿ ಸಿಗದ ಕಲಿಕೆ, ಸಾಲ ತೀರಿಸುವ ದಾರಿ, ಗಂಡಹೆಂಡಿರು ಒಂದೇ ಊರಿನಲ್ಲಿ ಬಾಳುವ ಅವಕಾಶ ಇಂಥ ಕಾರಣವಿದ್ದರೆ ಅದು ಗಟ್ಟಿಯಾದ ಕಾರಣ.

ಎರಡನೆಯದು ಲೆಕ್ಕ. ಲೆಕ್ಕ ಹಾಕುವುದು ಲೋಭವಲ್ಲ, ಗೃಹಸ್ಥನ ಧರ್ಮ. ಆದರೆ ಪೂರ್ತಿ ಲೆಕ್ಕ ಹಾಕಬೇಕು. ಹೆಚ್ಚುವ ಸಂಬಳವನ್ನು ಒಂದು ಕಡೆ ಬರೆದವರು ಮತ್ತೊಂದು ಕಡೆ ಹೊಸ ಮನೆಯ ಬಾಡಿಗೆ, ಮುಂಗಡ, ಲಾರಿಯ ಖರ್ಚು, ಹೊಸ ಶಾಲೆಯ ಶುಲ್ಕ, ಊರಿಗೆ ಬಂದುಹೋಗುವ ಖರ್ಚುಗಳನ್ನೂ ಬರೆಯಬೇಕು. ಸೊಸೆ ಬೆಂಗಳೂರಿನಲ್ಲಿ ಉದ್ಯೋಗದಲ್ಲಿದ್ದರೆ, ಆಕೆ ಬಿಟ್ಟುಬರಬೇಕಾದ ಸಂಬಳವನ್ನೂ ಹಲವು ವರ್ಷಗಳ ಅನುಭವವನ್ನೂ ಆ ಕಡೆಗೇ ಬರೆಯಬೇಕು. ಮನೆಯ ಗಂಡಸು ನಿರ್ಧರಿಸಿದ ಮೇಲೆ ಹೆಣ್ಣುಮಗಳಿಗೆ ಸುದ್ದಿ ತಿಳಿಸುವುದು ಸಮಾಲೋಚನೆಯಲ್ಲ. ಹೆಣ್ಣಿಗೆ ಧರ್ಮದಲ್ಲಿ ಸಮಪಾಲು ಕೊಟ್ಟ ಶರಣರ ಹೆಸರು ಹೇಳುವವರು ಮನೆಯ ತೀರ್ಮಾನದಲ್ಲಿಯೂ ಆ ಪಾಲನ್ನು ಕೊಡಬೇಕು.

ಮೂರನೆಯದು ಮಕ್ಕಳ ಭಾಷೆ. ಶಾಲೆಗಳಲ್ಲಿ ಆಯಾ ರಾಜ್ಯದ ಭಾಷೆಯ ಕಲಿಕೆಯನ್ನು ಕಡ್ಡಾಯಗೊಳಿಸಿ ಕರ್ನಾಟಕ 2015ರಲ್ಲಿ, ತೆಲಂಗಾಣ 2018ರಲ್ಲಿ, ಮಹಾರಾಷ್ಟ್ರ 2020ರಲ್ಲಿ ಕಾಯಿದೆ ಮಾಡಿವೆ. ಅಲ್ಲಿಗೆ ಹೋದ ಮಗು ತೆಲುಗನ್ನೋ ಮರಾಠಿಯನ್ನೋ ಕಲಿಯುವುದು ಸಂತೋಷದ ವಿಷಯ. ಹೋದ ನೆಲದ ನುಡಿಯನ್ನು ಗೌರವಿಸಲೇಬೇಕು. ಆದರೆ ಕನ್ನಡವನ್ನು ಆ ಶಾಲೆ ಕಲಿಸೀತೆಂದು ಕಾಯುವಂತಿಲ್ಲ, ಮನೆಯೇ ಕಲಿಸಬೇಕು. ಅಜ್ಜಿಯ ಮಾತಿಗೆ ಮೊಮ್ಮಗಳು ಇಂಗ್ಲಿಷಿನಲ್ಲಿ ಉತ್ತರಿಸಿ, ನಡುವೆ ಮಗ ಅನುವಾದ ಮಾಡುವಂತಾದರೆ ಆ ನಷ್ಟವನ್ನು ಯಾವ ಸಂಬಳವೂ ತುಂಬಿಕೊಡಲಾರದು.

ನಾಲ್ಕನೆಯದು ನೆರೆಹೊರೆ. ಭದ್ರಾ ಅಭಯಾರಣ್ಯದೊಳಗಿನ ಹಳ್ಳಿಗಳ ನೂರಾರು ಕುಟುಂಬಗಳು 2001-02ರ ಸುಮಾರಿಗೆ ಕಾಡು ಬಿಟ್ಟು ಹೊರಬಂದಾಗ, ಅವುಗಳಲ್ಲಿ ಬಹಳಷ್ಟು ನಮ್ಮ ತರೀಕೆರೆ ತಾಲ್ಲೂಕಿನ ಎಂ.ಸಿ. ಹಳ್ಳಿಯಲ್ಲಿ ನೆಲೆಸಿದವು. ಆ ಸ್ಥಳಾಂತರದಲ್ಲಿ ಕಷ್ಟವಿದ್ದರೂ ಪರಿಚಯದ ಮುಖಗಳು ಜೊತೆಗಿದ್ದವು. ನಗರದಿಂದ ನಗರಕ್ಕೆ ಹೋಗುವವನ ಜೊತೆ ಯಾರೂ ಬರುವುದಿಲ್ಲ. ನೆರೆಯನ್ನು ಅವನೇ ಹೊಸದಾಗಿ ಕಟ್ಟಿಕೊಳ್ಳಬೇಕು. ಹಿಂದಿನವರು ಹಾಗೆ ಕಟ್ಟಿಕೊಂಡಿದ್ದಾರೆ. ಮುಂಬಯಿಯ ಮಾಟುಂಗದಲ್ಲಿ ಮೈಸೂರು ಅಸೋಸಿಯೇಷನ್ 1926ರಿಂದ ಇದೆ. ಹೈದರಾಬಾದಿನ ಕಾಚಿಗುಡದಲ್ಲಿ ಕರ್ನಾಟಕ ಸಾಹಿತ್ಯ ಮಂದಿರವಿದೆ. ಹೋದವರು ಮೊದಲ ತಿಂಗಳಲ್ಲಿಯೇ ಇಂಥ ಕಡೆ ಹೆಂಡತಿಮಕ್ಕಳೊಡನೆ ಹೋಗಿ ಪರಿಚಯ ಮಾಡಿಕೊಳ್ಳಲಿ.

ಕೊನೆಯದು, ಎಲ್ಲಕ್ಕಿಂತ ಭಾರವಾದುದು, ಹಿಂದೆ ಉಳಿಯುವವರ ಪ್ರಶ್ನೆ. ಕಡೂರಿನಿಂದ ಬೆಂಗಳೂರು ಸುಮಾರು 200 ಕಿಲೋಮೀಟರ್. ತಂದೆಗೆ ಎದೆನೋವೆಂದು ರಾತ್ರಿ ಫೋನು ಬಂದರೆ ಮಗ ಬೆಳಗಾಗುವುದರೊಳಗೆ ಬಾಗಿಲಲ್ಲಿರುತ್ತಾನೆ. ಬೆಂಗಳೂರಿನಿಂದ ಹೈದರಾಬಾದ್ ಸುಮಾರು 570 ಕಿಲೋಮೀಟರ್, ಪುಣೆ 800ಕ್ಕೂ ಹೆಚ್ಚು. ಅಲ್ಲಿಂದ ಹೊರಟವನು ಊರು ಮುಟ್ಟುವಷ್ಟರಲ್ಲಿ ನಡೆಯುವುದೆಲ್ಲ ನಡೆದುಹೋಗಿರಬಹುದು. ಅಮೃತಮಹಲ್ ತಳಿಗೆ ಹೆಸರಾದ ಅಜ್ಜಂಪುರದ ಜನಕ್ಕೆ ಈ ಮಾತನ್ನು ವಿವರಿಸಬೇಕಿಲ್ಲ. ಹಿಂದೆ ಆ ದನಗಳಿಗೆ ಬೇಸಿಗೆಗೊಂದು, ಮಳೆಗಾಲಕ್ಕೊಂದು, ಚಳಿಗಾಲಕ್ಕೊಂದು ಕಾವಲನ್ನು ವಿಂಗಡಿಸಿದ್ದರು. ಹುಲ್ಲು ನೀರು ಇರುವಲ್ಲಿಗೆ ಹಿಂಡು ಹೋಗಬೇಕಾದದ್ದೇ. ಆದರೆ ಹಿಂಡು ಎಬ್ಬಿಸುವವನು ಮುಂದೆ ಓಡುವ ಹೋರಿಯನ್ನಷ್ಟೇ ನೋಡಿದರೆ ಸಾಲದು, ಹಿಂದೆ ಬೀಳುವ ಎಳೆಗರುವನ್ನೂ ಮುದಿಹಸುವನ್ನೂ ನೋಡಬೇಕು.

ಹೊರಡುವ ಮಗ ತಂದೆತಾಯಿಗಳಿಗೆ ಮೂರು ಮಾತು ಕೊಟ್ಟು ಹೊರಡಲಿ. ಕಾಯಿಲೆ ಬಿದ್ದರೆ ಮೊದಲು ಬರುವವರು ಯಾರು, ಆಸ್ಪತ್ರೆಯ ಖರ್ಚಿಗೆ ಹಣ ಎಲ್ಲಿದೆ, ವರ್ಷಕ್ಕೆ ಎಷ್ಟು ಸಲ ಬರುತ್ತೇನೆ, ಈ ಮೂರನ್ನು ಒಡಹುಟ್ಟಿದವರೊಡನೆ ಕುಳಿತು ಇತ್ಯರ್ಥಪಡಿಸಲಿ. ಊರಿನಲ್ಲಿಯೇ ಉಳಿದ ತಮ್ಮನ ಅಥವಾ ಹತ್ತಿರದ ಊರಿಗೆ ಕೊಟ್ಟ ತಂಗಿಯ ತಲೆಯ ಮೇಲೆ, ಅವರನ್ನು ಕೇಳದೆಯೇ ಈ ಹೊಣೆಯನ್ನು ಹೊರಿಸುವುದು ಅನ್ಯಾಯ.

ತಂದೆತಾಯಿಗಳಿಗೂ ಒಂದು ಮಾತು ಹೇಳಬೇಕಾಗಿದೆ. ಕಣ್ಣೀರನ್ನು ಹಗ್ಗ ಮಾಡಿ ಮಕ್ಕಳನ್ನು ಕಟ್ಟಬೇಡಿರಿ. ಹಾಗೆ ಉಳಿದವನು ಮುಂದೆ ಬರುವ ಪ್ರತಿಯೊಂದು ಸೋಲನ್ನೂ ನಿಮ್ಮ ಲೆಕ್ಕಕ್ಕೆ ಬರೆಯುತ್ತಾನೆ. ನಿಮ್ಮ ಭಯ ಏನೆಂಬುದನ್ನು ಬಿಡಿಸಿ ಹೇಳಿರಿ. ಹೇಳಿದ ಭಯಕ್ಕೆ ಪರಿಹಾರ ಹುಡುಕಬಹುದು. ಮಠದ ಬಾಯಿಂದ "ಬೇಡ" ಎನ್ನಿಸುವುದರಿಂದ ಪರಿಹಾರ ಸಿಗದು.

ಸಂಬಳದ ಅಂಕಿಯೊಂದನ್ನು ಬಿಟ್ಟರೆ ಬೇರೆ ಕಾರಣವೇ ಇಲ್ಲದಿದ್ದರೆ, ಮನೆಯಲ್ಲಿ ಹಾಸಿಗೆ ಹಿಡಿದವರಿದ್ದರೆ, ಈಗಿರುವಲ್ಲಿಯೇ ನಿಲ್ಲುವುದು ಮೇಲು. ಕೆಲಸ ದೊಡ್ಡದಾಗಿದ್ದು, ಹೆಂಡತಿಮಕ್ಕಳ ಒಪ್ಪಿಗೆಯಿದ್ದು, ಹಿರಿಯರಿಗೆ ವ್ಯವಸ್ಥೆಯಾಗಿದ್ದರೆ ಧೈರ್ಯವಾಗಿ ಹೊರಡಲಿ. ಹೋದಲ್ಲಿ ಪ್ರಾಮಾಣಿಕವಾಗಿ ದುಡಿಯಲಿ, ಗಳಿಸಿದ್ದರಲ್ಲಿ ಒಂದು ಪಾಲನ್ನು ಹುಟ್ಟಿದೂರಿನ ಶಾಲೆಗೋ ಕೆರೆಗೋ ಸಲ್ಲಿಸಲಿ. ಹೊರಟವರಿಗೂ ನಿಂತವರಿಗೂ ಮಂಗಳವಾಗಲಿ ಎಂದು ನಾವು ಹಾರೈಸುತ್ತೇವೆ.