ಒಬ್ಬಳೇ ಆಡಿದರೆ ಎಷ್ಟು ಹೊತ್ತು?

ಗೆಳತಿಯರೇ, ಕಳೆದ ಸಲ ಹಪ್ಪಳ ಸಂಡಿಗೆಯ ವಿಷಯ ಬರೆದವಳು ಈ ಸಲ ಗಾಲ್ಫ್ ಆಟದ ವಿಷಯಕ್ಕೆ ಬಂದಳಲ್ಲ ಅಂತ ನಗಬೇಡಿ. ನಮ್ಮಂಥ ಊರುಗಳಲ್ಲಿ ಗಾಲ್ಫ್ ಅಂದರೆ ಟಿವಿಯಲ್ಲಿ ಕಾಣುವ ಹಸಿರು ಬಯಲು, ಟೋಪಿ ಹಾಕಿದ ದೊಡ್ಡ ಮನುಷ್ಯರು, ಅಷ್ಟೇ. ಆದರೂ ಈ ಆಟದಲ್ಲಿ ನಮಗೆಲ್ಲ ಬೇಕಾದ ಒಂದು ಲೆಕ್ಕ ಅಡಗಿದೆ. ಅದು ದುಡ್ಡಿನ ಲೆಕ್ಕವಲ್ಲ, ಹೊತ್ತಿನ ಲೆಕ್ಕ.

ನಮ್ಮ ಅಕ್ಕನ ಮಗಳು ಬೆಂಗಳೂರಿನಲ್ಲಿದ್ದಾಳೆ. ಗಂಡನ ಕಂಪನಿಯ ಕಡೆಯಿಂದ ಒಂದು ಗಾಲ್ಫ್ ಕ್ಲಬ್ಬಿನ ಸದಸ್ಯತ್ವ ಇದೆ. ಅಳಿಯಂದಿರು ಭಾನುವಾರ ಮೂವರು ಸ್ನೇಹಿತರ ಜೊತೆ ಆಡೋದಕ್ಕೆ ಹೋಗುತ್ತಾರೆ. ಬೆಳಿಗ್ಗೆ ಆರಕ್ಕೆ ಹೊರಟರೆ ಮನೆ ಸೇರುವುದು ಹನ್ನೆರಡರ ಮೇಲೆ. ಬಿಸಿಲಲ್ಲಿ ಬಂದರಲ್ಲ ಅಂತ ಮಜ್ಜಿಗೆ ಕೊಡುತ್ತಾರೆಯೇ ಹೊರತು ಯಾಕೆ ಇಷ್ಟು ಹೊತ್ತು ಅಂತ ಯಾರೂ ಕೇಳೋದಿಲ್ಲ. ಇವಳೂ ಆಟ ಕಲಿತು, ಬುಧವಾರ ಬೆಳಿಗ್ಗೆ ಒಬ್ಬಳೇ ಹೋಗೋದು ಶುರು ಮಾಡಿದಳು. ಆರಕ್ಕೆ ಹೊರಟವಳು ಹತ್ತಕ್ಕೆ ಮನೆಯಲ್ಲಿರುತ್ತಾಳೆ. ಅವಳ ಅತ್ತೆ ಒಳ್ಳೆಯವರೇ, ಸೊಸೆಯ ಎದುರಿಗೆ ಏನೂ ಅಂದಿಲ್ಲ. ಆದರೆ ನಮ್ಮ ಅಕ್ಕನಿಗೆ ಫೋನ್ ಮಾಡಿ, “ಒಬ್ಬಳೇ ಆಡೋದಕ್ಕೆ ಅಷ್ಟು ಹೊತ್ತು ಬೇಕೇನ್ರೀ? ಮಾತಾಡೋಕೂ ಜೊತೆಗೆ ಯಾರೂ ಇಲ್ವಲ್ಲ” ಅಂದರಂತೆ. ಅಕ್ಕನಿಗೆ ಆ ದಿನ ಊಟ ಸೇರಲಿಲ್ಲ. “ಬುಧವಾರದ ಆಟ ಬಿಟ್ಟುಬಿಡು ಅಂತ ಮಗಳಿಗೆ ನೀನೇ ಹೇಳೇ, ನಿನ್ನ ಮಾತು ಕೇಳ್ತಾಳೆ” ಅಂತ ನನಗೆ ಗಂಟುಬಿದ್ದಳು.

ಬಿಡು ಅನ್ನೋದಕ್ಕೆ ಮೊದಲು ಲೆಕ್ಕ ಕೇಳಬೇಕಲ್ಲ? ಹುಡುಗಿಗೇ ಫೋನ್ ಮಾಡಿ ಕೇಳಿದೆ. “ಬರ್ಕೊಳ್ಳಿ ಚಿಕ್ಕಮ್ಮ” ಅಂತ ಹೇಳುತ್ತಾ ಹೋದಳು. ಹಾಲಿನ ಲೆಕ್ಕದ ಪುಸ್ತಕದಲ್ಲೇ ಬರೆದುಕೊಂಡೆ.

ಗಾಲ್ಫ್ ಮೈದಾನದಲ್ಲಿ 18 ಕುಳಿ. ಒಂದೊಂದು ಕುಳಿಗೂ ದೂರದಿಂದ ಚೆಂಡು ಹೊಡೆಯುತ್ತಾ ಹೋಗಿ, ಕೊನೆಗೆ ಅದನ್ನು ಕುಳಿಗೆ ಬೀಳಿಸಬೇಕು. ಎಲ್ಲ ಮುಗಿದರೆ ಒಂದು ಸುತ್ತು. ಹದಿನೆಂಟೇ ಯಾಕೆ ಅಂದರೆ, ಸ್ಕಾಟ್ಲೆಂಡಿನ ಸೇಂಟ್ ಆಂಡ್ರ್ಯೂಸ್ ಎಂಬ ಊರಿನಲ್ಲಿ ಮೊದಲು ಒಂದು ಸುತ್ತಿಗೆ 22 ಕುಳಿ ಆಡುತ್ತಿದ್ದರಂತೆ. 1764ರಲ್ಲಿ ಕೆಲವನ್ನು ಸೇರಿಸಿ 18 ಮಾಡಿದರು. ಆಮೇಲೆ ಅದೇ ಎಲ್ಲ ಕಡೆಯ ಪದ್ಧತಿಯಾಯಿತು.

ಹೆಂಗಸರು ಹೊಡೆಯಲು ನಿಲ್ಲುವ ಜಾಗದಿಂದ ಲೆಕ್ಕ ಹಾಕಿದರೆ ಹದಿನೆಂಟಕ್ಕೂ ಸೇರಿ ಸುಮಾರು 5 ಕಿಲೋಮೀಟರ್ ಆಗುತ್ತದೆ. ಆದರೆ ಚೆಂಡು ನಮ್ಮ ಮಾತು ಕೇಳಿ ನೆಟ್ಟಗೆ ಹೋಗುತ್ತದೆಯೇ? ಎಡಕ್ಕೆ, ಬಲಕ್ಕೆ, ಮರದ ಬುಡಕ್ಕೆ. ಒಂದು ಕುಳಿಯಿಂದ ಇನ್ನೊಂದರ ಜಾಗಕ್ಕೂ ನಡೆಯಬೇಕು. ಹೀಗಾಗಿ ಕಾಲಿಗೆ ಬೀಳುವುದು 7–8 ಕಿಲೋಮೀಟರ್. ಗಂಟೆಗೆ ನಾಲ್ಕೂವರೆ ಕಿಲೋಮೀಟರಿನಂತೆ ನಡೆದರೆ 1 ಗಂಟೆ 40 ನಿಮಿಷ ಬರೀ ನಡಿಗೆಗೇ ಆಯಿತು.

ಇನ್ನು ಹೊಡೆಯುವುದು. ಪಳಗಿದವರಿಗೆ ಒಂದು ಸುತ್ತಿಗೆ 72ರ ಆಸುಪಾಸು ಹೊಡೆತ ಸಾಕು. ನಮ್ಮ ಹುಡುಗಿಗೆ 100 ಬೇಕು. ಕೋಲು ಬೀಸುವುದು ಕಣ್ಣು ಮಿಟುಕಿಸುವಷ್ಟರಲ್ಲಿ ಆಗುತ್ತದೆ. ಆದರೆ ದೂರ ನೋಡಿ, ಗಾಳಿ ನೋಡಿ, ಕೋಲು ಆರಿಸಿ ನಿಲ್ಲಬೇಕಲ್ಲ. ಒಂದು ಹೊಡೆತಕ್ಕೆ 40 ಸೆಕೆಂಡಿಗಿಂತ ಹೆಚ್ಚು ಹಿಡಿಯಬಾರದು ಅಂತ 2019ರಲ್ಲಿ ಬಂದ ಹೊಸ ನಿಯಮಾವಳಿಯಲ್ಲಿ ಸಲಹೆ ಇದೆ. ಅದರಂತೆ 100 ಹೊಡೆತಕ್ಕೆ 67 ನಿಮಿಷ. ಕಳೆದ ಚೆಂಡು ಹುಡುಕುವುದಕ್ಕೆ ಮೊದಲು 5 ನಿಮಿಷ ಬಿಡುವು ಕೊಡುತ್ತಿದ್ದರು, ಅದೇ 2019ರಿಂದ 3 ನಿಮಿಷ ಮಾಡಿದ್ದಾರೆ. ಮೂರು ನಾಲ್ಕು ಸಲ ಹುಡುಕಿದರೆ ಹತ್ತು ನಿಮಿಷ. ಎಲ್ಲ ಕೂಡಿಸಿ ನೋಡಿ, ಹತ್ತಿರ ಹತ್ತಿರ 3 ಗಂಟೆ. ಮನೆಯಿಂದ ಹೋಗಿಬರಲು ಒಂದು ಗಂಟೆ. ಆರಕ್ಕೆ ಹೊರಟು ಹತ್ತಕ್ಕೆ ಬರುವವಳ ಲೆಕ್ಕದಲ್ಲಿ ಐದು ನಿಮಿಷವೂ ಸೋರಿಲ್ಲ!

ಮೈದಾನ ಖಾಲಿ ಇದ್ದು, ಕೈ ಚುರುಕಾಗಿದ್ದರೆ ಎರಡೂವರೆ ಗಂಟೆಗೂ ಮುಗಿಯುತ್ತದೆ. ಪುಟ್ಟ ಗಾಡಿಯಲ್ಲಿ ಓಡಾಡಿದರೆ ಇನ್ನೂ ಬೇಗ. ಒಂಬತ್ತೇ ಕುಳಿ ಸಾಕು ಅಂದರೆ ಅರ್ಧ ಹೊತ್ತು. ಅದೇ ನಾಲ್ಕು ಜನ ಸೇರಿದರೆ ನಾಲ್ಕರಿಂದ ನಾಲ್ಕೂವರೆ ಗಂಟೆ, ಭಾನುವಾರದ ಗದ್ದಲದಲ್ಲಿ ಐದೂ ಆಗುತ್ತದೆ. ನಡೆಯುವ ದಾರಿ ಎಲ್ಲರಿಗೂ ಒಂದೇ. ಹೆಚ್ಚಿನ ಹೊತ್ತೆಲ್ಲ ಹೋಗುವುದು ಕಾಯುವುದರಲ್ಲಿ. ಇವರು ಹೊಡೆಯಲಿ ಅಂತ ಅವರು, ಅವರ ಚೆಂಡು ಸಿಗಲಿ ಅಂತ ಇವರು, ಮುಂದಿನ ಗುಂಪು ಸರಿಯಲಿ ಅಂತ ಎಲ್ಲರೂ.

ಇದು ನಮಗೆ ಗೊತ್ತಿಲ್ಲದ್ದೇ? ಒಬ್ಬರಿಗೆ ಎರಡು ದೋಸೆ ಹುಯ್ದು ಕೊಡಲು ಎಷ್ಟು ಹೊತ್ತು? ಅದೇ ಮನೆಯವರು ಒಬ್ಬೊಬ್ಬರಾಗಿ ಸ್ನಾನ ಮುಗಿಸಿ ಬಂದು ಕೂತರೆ ನೋಡಿ, ಹೆಂಚಿನ ಮುಂದೆಯೇ ಹತ್ತು ಗಂಟೆ ಹೊಡೆಯುತ್ತದೆ. ದೋಸೆಗೆ ಹಿಡಿದ ಹೊತ್ತಲ್ಲ ಅದು, ಕಾದ ಹೊತ್ತು.

ಈ ಆಟದಲ್ಲಿ ಒಂಟಿಯಾಗಿ ಆಡುವವರ ಪಾಡು ಕೇಳಿದರೆ ನಿಮಗೆ ಇನ್ನೂ ಆಶ್ಚರ್ಯವಾದೀತು. ಒಬ್ಬರೇ ಆಡುವವರಿಗೆ ಮೈದಾನದಲ್ಲಿ ಯಾವ ಸ್ಥಾನವೂ ಇಲ್ಲ, ಜೋಡಿಯಾಗಿ ಆಡುವವರು ಯಾರೇ ಬಂದರೂ ಅವರು ದಾರಿ ಬಿಡಬೇಕು ಅಂತ ನಿಯಮ ಪುಸ್ತಕದ ನಡವಳಿಕೆಯ ಭಾಗದಲ್ಲೇ ಇತ್ತು! 2004ರ ತಿದ್ದುಪಡಿಯಲ್ಲಿ ಅದನ್ನು ತೆಗೆದುಹಾಕಿದರು. ಎಷ್ಟು ಜನ ಇದ್ದಾರೆ ಅಂತಲ್ಲ, ಎಷ್ಟು ಬೇಗ ಆಡುತ್ತಾರೆ ಅಂತ ನೋಡಬೇಕು ಅಂದರು. ಈಗ ಹಿಂದೆ ಬರುವವರು ಬೇಗ ಆಡುವವರಾದರೆ, ಒಬ್ಬರೇ ಇದ್ದರೂ ಮುಂದಿನ ಗುಂಪಿನವರು ದಾರಿ ಬಿಡುವುದು ಮರ್ಯಾದೆ.

ಆದರೆ ಒಂದು ಕೊಕ್ಕೆ ಉಳಿದಿದೆ. ಆಟಗಾರರ ಮಟ್ಟ ಅಳೆಯಲು ಹ್ಯಾಂಡಿಕ್ಯಾಪ್ ಅಂತ ಒಂದು ಅಂಕ ಇಟ್ಟಿದ್ದಾರೆ. 2020ರಲ್ಲಿ ಜಾರಿಗೆ ಬಂದ ವಿಶ್ವ ಪದ್ಧತಿಯ ಪ್ರಕಾರ, ಜೊತೆಗೆ ಇನ್ನೊಬ್ಬರಾದರೂ ಇರದೆ ಆಡಿದ ಸುತ್ತು ಆ ಲೆಕ್ಕಕ್ಕೆ ಬರುವುದಿಲ್ಲ. ಎಷ್ಟೇ ಚೆನ್ನಾಗಿ ಆಡಿದರೂ ಅಷ್ಟೇ, ನೋಡಿದವರು ಬೇಕು. ಇದನ್ನು ಕೇಳಿದಾಗ ಮಧ್ಯಾಹ್ನ ಒಬ್ಬಳೇ ಕೂತು ಆರಿಸಿದ ಅಕ್ಕಿ, ಮಡಿಸಿಟ್ಟ ಬಟ್ಟೆ ಎಲ್ಲ ನೆನಪಾಯಿತು. “ಬೆಳಗಿಂದ ಏನು ಮಾಡಿದೆ?” ಅಂತ ಸಂಜೆ ಕೇಳಿದರೆ ಸಾಕ್ಷಿ ಹೇಳುವವರು ಯಾರು?

ಹೆಂಗಸರಿಗೆ ಈ ಆಟ ಸುಮ್ಮನೆ ಸಿಕ್ಕಿದ್ದಲ್ಲ. ತೋಳೆತ್ತಿ ಕೋಲು ಬೀಸುವುದು ಹೆಣ್ಣಿಗೆ ಒಪ್ಪುವುದಿಲ್ಲ ಎನ್ನುತ್ತಿದ್ದ ಕಾಲದಲ್ಲಿ, 1867ರಲ್ಲಿ, ಅದೇ ಸೇಂಟ್ ಆಂಡ್ರ್ಯೂಸ್ ಊರಿನ ಹೆಂಗಸರು ಚೆಂಡನ್ನು ಮೆಲ್ಲಗೆ ತಳ್ಳಿ ಕುಳಿಗೆ ಬೀಳಿಸುವ ಆಟಕ್ಕೆ ತಮ್ಮದೇ ಸಂಘ ಕಟ್ಟಿಕೊಂಡರು. ಅಲ್ಲಿಯ ದೊಡ್ಡ ಕ್ಲಬ್ಬು ಹೆಂಗಸರನ್ನು ಸದಸ್ಯರಾಗಿ ಸೇರಿಸಿಕೊಳ್ಳಲು ಒಪ್ಪಿದ್ದು 2014ರಲ್ಲಿ! ನಮ್ಮ ಬೆಂಗಳೂರಿಗೆ 1876ರಲ್ಲೇ ಗಾಲ್ಫ್ ಕ್ಲಬ್ ಬಂದಿತ್ತು. ಆ ಊರಿನಲ್ಲೇ ಹುಟ್ಟಿ ಆಟ ಕಲಿತ ಅದಿತಿ ಅಶೋಕ್, ಟೋಕಿಯೋ ಒಲಿಂಪಿಕ್ಸ್‌ನಲ್ಲಿ 2021ರ ಆಗಸ್ಟ್ 7ರಂದು ಒಂದೇ ಒಂದು ಹೊಡೆತದಲ್ಲಿ ಕಂಚಿನ ಪದಕ ತಪ್ಪಿ ನಾಲ್ಕನೆಯವರಾಗಿ ನಿಂತರು. ಆ ನಾಲ್ಕು ದಿನ ಕೋಲಿನ ಚೀಲ ಹೊತ್ತು ಜೊತೆಗೆ ನಡೆದವರು ಅವರ ತಾಯಿ. ಮಗಳ ಹೊತ್ತಿಗೆ ತಾಯಿ ಹೆಗಲು ಕೊಟ್ಟರೆ ಎಲ್ಲಿಯವರೆಗೆ ಹೋಗಬಹುದು ನೋಡಿ.

ನಾನು ಬರೆದಿಟ್ಟ ಲೆಕ್ಕವನ್ನು ಅಕ್ಕನಿಗೆ ಓದಿ ಹೇಳಿದೆ. ಅಕ್ಕ ಬೀಗಿತ್ತಿಗೆ ಒಪ್ಪಿಸಿದಳು. ಆಗ ಆಕೆ ಅಂದದ್ದು ಕೇಳಿ: “ಮೂರು ಗಂಟೆ ಅಂತ ಗೊತ್ತಿದ್ದರೆ ಸಾಕಿತ್ತಲ್ಲ. ಅಷ್ಟು ದೊಡ್ಡ ಬಯಲಲ್ಲಿ ಒಬ್ಬಳೇ, ಗುಡುಗು ಮಳೆ ಬಂದರೇನು ಗತಿ ಅಂತ ನಾನು ಗಡಿಯಾರ ನೋಡ್ತಾ ಕೂತಿರ್ತೀನಿ.” ಎಷ್ಟು ಹೊತ್ತು ಅಂತ ಕೇಳುವ ಎಲ್ಲರೂ ಆಕ್ಷೇಪಣೆ ಮಾಡುವವರಲ್ಲ, ಹೆದರಿಕೊಂಡು ಕೇಳುವವರೂ ಇರುತ್ತಾರೆ. ಚೀಲ ಹೊರುವ ಕ್ಯಾಡಿ ಜೊತೆಗಿರುತ್ತಾನೆ, ಗುಡುಗು ಕೇಳಿಸಿದರೆ ಆಟ ನಿಲ್ಲಿಸಿ ಒಳಗೆ ಬಂದುಬಿಡುತ್ತೇವೆ ಅಂತ ಈಗ ಹುಡುಗಿ ತಿಳಿಸಿ ಹೇಳಿದ್ದಾಳೆ. ಬುಧವಾರದ ಆಟ ನಡೆದಿದೆ.

ಗೆಳತಿಯರೇ, ನಮಗೆ ಗಾಲ್ಫ್ ಬೇಡ. ದೇವಸ್ಥಾನಕ್ಕೆ ಒಬ್ಬಳೇ ಹೋಗಿ ಕೂತು ಬರುವುದಿರಬಹುದು, ಲೈಬ್ರರಿ ಇರಬಹುದು, ಕೆರೆ ಏರಿಯ ಮೇಲಿನ ನಡಿಗೆ ಇರಬಹುದು. “ಹೀಗೆ ಹೋಗಿ ಹಾಗೆ ಬಂದುಬಿಡ್ತೀನಿ” ಅಂತ ಕಳ್ಳರ ಹಾಗೆ ಹೊರಡಬೇಡಿ. ಹೀಗೆ ಹೇಳಿ ಹೋದವಳಿಗೆ ಅರ್ಧ ಗಂಟೆಯೂ ತಡವೇ. ನಿಮಗೆ ಬೇಕಾದ ಹೊತ್ತನ್ನು ಮೊದಲು ನೀವೇ ಲೆಕ್ಕ ಹಾಕಿ. ಹೋಗುವುದಕ್ಕೆ ಇಷ್ಟು, ಇರುವುದಕ್ಕೆ ಇಷ್ಟು, ಬರುವುದಕ್ಕೆ ಇಷ್ಟು. ವಾರಕ್ಕೊಂದು ದಿನ ಗೊತ್ತುಮಾಡಿ, “ಎರಡು ಗಂಟೆ ಬೇಕು, ಆರಕ್ಕೆ ಬರ್ತೀನಿ” ಅಂತ ಬಾಯಿಬಿಟ್ಟು ಹೇಳಿ ಹೊರಡಿ, ಹೇಳಿದ ಹೊತ್ತಿಗೆ ಬನ್ನಿ. ನಾಲ್ಕು ವಾರ ಹೀಗೆ ನಡೆದರೆ ಮನೆಯವರಿಗೂ ರೂಢಿಯಾಗುತ್ತದೆ, ಕಾಫಿಯನ್ನೂ ಅವರೇ ಬೆರೆಸಿಕೊಳ್ಳುತ್ತಾರೆ.

ನಾಲ್ವರು ಸೇರಿ ಕಳೆಯುವ ಐದು ಗಂಟೆಗೆ ಯಾರೂ ಲೆಕ್ಕ ಕೇಳುವುದಿಲ್ಲ, ಒಬ್ಬಳ ಮೂರು ಗಂಟೆಗೆ ಕೇಳುತ್ತಾರೆ. ಕೇಳಲಿ ಬಿಡಿ. ಕೊಡುವುದಕ್ಕೆ ನಮ್ಮ ಹತ್ತಿರ ಲೆಕ್ಕ ಇರಲಿ.