ಹೊಸ ಪರದೆಗೆ ಹಳೆಯ ಕಣ್ಣು

ಬೆಂಗಳೂರಿನ ಹನುಮಂತನಗರದ ಒಂದು ಮನೆಯ ಹಜಾರದಲ್ಲಿ, ಕಿಟಕಿಯ ಪಕ್ಕದ ಮೇಜಿನ ಮೇಲೆ ಹದಿನೈದು ವರ್ಷಗಳಿಂದ ಬೆಳಗುತ್ತಿದ್ದ ಕಂಪ್ಯೂಟರಿನ ಪರದೆ ಒಂದು ಮುಂಜಾನೆ ಇದ್ದಕ್ಕಿದ್ದಂತೆ ಕಪ್ಪಾಯಿತು. ಮನೆಯ ಯಜಮಾನರು ನಿವೃತ್ತ ಕನ್ನಡ ಮೇಷ್ಟ್ರು. ಮುದ್ರಣಾಲಯವೊಂದಕ್ಕೆ ಪುಸ್ತಕಗಳ ಕರಡು ತಿದ್ದಿಕೊಡುವುದು ಅವರ ಈಗಿನ ಉದ್ಯೋಗ. ಪುಟಕ್ಕೆ ಇಷ್ಟೆಂದು ಬರುವ ಆ ಹಣದಲ್ಲಿಯೇ ದಂಪತಿಗಳ ಔಷಧದ ಖರ್ಚು ನಡೆಯುವುದು. ಇನ್ನೂರು ಪುಟಗಳ ಪುಸ್ತಕವೊಂದು ಅರ್ಧ ತಿದ್ದಿ ನಿಂತಿತ್ತು. ಒಪ್ಪಿಸಬೇಕಾದ ಗಡುವಿಗೆ ಉಳಿದಿದ್ದುದು ಹತ್ತು ದಿನ. ಹೊಸ ಪರದೆಗೆಂದು ತೆಗೆದಿಡಬಹುದಾಗಿದ್ದ ಹಣ ರೂ. 8,000.

ಪರದೆ ಕಪ್ಪಾದೊಡನೆ ಅಂಗಡಿಗೆ ಓಡುವವರೇ ಬಹಳ. ಮೇಷ್ಟ್ರು ಹಾಗೆ ಮಾಡಲಿಲ್ಲ. ಮೊದಲು ತಂತಿಗಳನ್ನು ಬಿಚ್ಚಿ ಮತ್ತೆ ಸಿಕ್ಕಿಸಿದರು. ಬಳಿಕ ಕೋಣೆಯನ್ನು ಕತ್ತಲೆ ಮಾಡಿ, ಟಾರ್ಚಿನ ಬೆಳಕನ್ನು ಓರೆಯಾಗಿ ಪರದೆಯ ಮೇಲೆ ಬಿಟ್ಟು ನೋಡಿದರು. ಅಕ್ಷರಗಳು ನೀರಿನ ತಳದಲ್ಲಿದ್ದಂತೆ ಮಸುಕಾಗಿ ಕಂಡವು. ಚಿತ್ರವನ್ನು ರಚಿಸುವ ಪದರ ಬದುಕಿದೆ, ಅದರ ಹಿಂದಿನ ದೀಪ ಸತ್ತಿದೆ ಎಂಬುದಕ್ಕೆ ಇದೇ ಗುರುತು. ಎಷ್ಟೋ ಸಲ ಒಳಗಿನ ವಿದ್ಯುತ್ ಫಲಕದಲ್ಲಿ ಉಬ್ಬಿದ ಕೆಪಾಸಿಟರ್ ಒಂದನ್ನು ಬದಲಿಸಿದರೆ ಪರದೆ ಮತ್ತೆ ಎಚ್ಚರಗೊಳ್ಳುವುದುಂಟು, ಖರ್ಚೂ ಅಲ್ಪ. ಇಲ್ಲಿ ಮಾತ್ರ ದುರಸ್ತಿ ಮಾಡುವವನು ತೆರೆದು ನೋಡಿ, ದೀಪದ ಕೊಳವೆಗಳೇ ಸವೆದಿವೆ, ಇನ್ನು ಹಣ ಹಾಕುವುದು ದಂಡ ಎಂದುಬಿಟ್ಟನು. ಅಷ್ಟು ಪ್ರಾಮಾಣಿಕವಾಗಿ ಹೇಳುವವನು ದೊರೆತದ್ದೂ ಒಂದು ಭಾಗ್ಯವೇ.

ಮಗನಿಗೆ ವಿಷಯ ತಿಳಿಯಿತು. "27 ಇಂಚಿನ ಬಾಗಿದ ಪರದೆ ತೊಗೊಳ್ಳಿ ಅಪ್ಪ, ಅಕ್ಷರ ದೊಡ್ಡದಾಗಿ ಕಾಣತ್ತೆ. ಸೆಕೆಂಡಿಗೆ 165 ಸಲ ಚಿತ್ರ ಬದಲಾಗತ್ತೆ. ಕಡಮೆ ಬಿದ್ದ ಹಣ ನಾನು ಕೊಡ್ತೀನಿ" ಎಂದನು. ಪ್ರೀತಿಯ ಮಾತು. ಆದರೆ ಮನೆಸಾಲದ ಕಂತು ಕಟ್ಟುತ್ತಿರುವ ಮಗನಿಂದ ಹಣ ಪಡೆಯಲು ಮೇಷ್ಟ್ರಿಗೆ ಮನಸ್ಸಿರಲಿಲ್ಲ. ಅವರು ಅಳತೆಪಟ್ಟಿಯನ್ನೂ ಕಾಗದವನ್ನೂ ಹಿಡಿದು ಕುಳಿತರು.

ಪರದೆಯ ಇಂಚನ್ನು ಅಳೆಯುವುದು ಮೂಲೆಯಿಂದ ಮೂಲೆಗೆ. ಹಳೆಯದು ಹೆಚ್ಚುಕಡಮೆ ಚೌಕಾಕಾರದ 19 ಇಂಚು; ಅದರ ಎತ್ತರ ಸುಮಾರು 11.9 ಇಂಚು. ಈಗಿನವು ಅಗಲವಾದ ಪರದೆಗಳು. 22 ಇಂಚೆಂದು ಮಾರುವ ಪರದೆಯ ನಿಜವಾದ ಅಳತೆ ಸಾಮಾನ್ಯವಾಗಿ 21.5, ಎತ್ತರ ಹತ್ತೂವರೆ ಇಂಚು ಮಾತ್ರ. ಹೆಸರಿನಲ್ಲಿ ಮೂರು ಇಂಚು ಬೆಳೆದು, ಎತ್ತರದಲ್ಲಿ ಒಂದು ಇಂಚಿಗೂ ಹೆಚ್ಚು ಕುಗ್ಗಿದ ಪದಾರ್ಥವಿದು! ಪುಸ್ತಕದ ಪುಟ ನಿಂತಿರುವುದು ಉದ್ದಕ್ಕೆ. ಅದನ್ನು ತಿದ್ದುವವನಿಗೆ ಎತ್ತರವೇ ಮುಖ್ಯ. 24 ಇಂಚಿನದರಲ್ಲಿ 11.7 ಇಂಚು ದೊರೆಯುವುದರಿಂದ ಹಳೆಯ ಪುಟ ಹೆಚ್ಚುಕಡಮೆ ಹಾಗೆಯೇ ಹಿಡಿಸುವುದು.

ಹಾಗಾದರೆ 27 ಇನ್ನೂ ಒಳ್ಳೆಯದಲ್ಲವೆ? ಅಗ್ಗದ ಪರದೆಗಳಲ್ಲಿ 22 ಇರಲಿ, 27 ಇರಲಿ, ಚುಕ್ಕೆಗಳ ಸಂಖ್ಯೆ ಸಾಮಾನ್ಯವಾಗಿ ಒಂದೇ: ಅಡ್ಡ 1920, ಉದ್ದ 1080. ಒಂದೇ ಅಳತೆಯ ಹಿಟ್ಟಿನಲ್ಲಿ ದೋಸೆಯನ್ನು ದೊಡ್ಡದಾಗಿ ಹರಡಿದಂತೆ. 24ರಲ್ಲಿ ಇಂಚಿಗೆ ಸುಮಾರು 92 ಚುಕ್ಕೆ ಬಿದ್ದರೆ 27ರಲ್ಲಿ 82ಕ್ಕೆ ಇಳಿಯುವುದು. 1280ಕ್ಕೆ 1024 ಚುಕ್ಕೆಗಳಿದ್ದ ಹಳೆಯ ಪರದೆಯಲ್ಲಿಯೇ ಇಂಚಿಗೆ 86 ಇದ್ದವು. ಹೆಚ್ಚು ಹಣ ತೆತ್ತು, ಇದ್ದುದಕ್ಕಿಂತ ಒರಟಾದ ಅಕ್ಷರವನ್ನು ಮನೆಗೆ ತಂದಂತಾಗುತ್ತಿತ್ತು. 2560ಕ್ಕೆ 1440 ಚುಕ್ಕೆಗಳಿರುವ 27 ಇಂಚು ನಿಜಕ್ಕೂ ಸೊಗಸು. ಆದರೆ ಅದರ ಬೆಲೆ ಈ ಚೀಲಕ್ಕೆ ಎಟುಕುವುದಲ್ಲ.

ಇಂಗ್ಲಿಷ್ ಅಕ್ಷರಕ್ಕೆ ಇದು ಅಷ್ಟಾಗಿ ಬಾಧಿಸದಿದ್ದೀತು. ಕನ್ನಡದ ಸ್ಥಿತಿ ಬೇರೆ. ಸಾಲಿನ ಕೆಳಗೆ ಚಿಕ್ಕದಾಗಿ ಇಳಿಯುವ ಒತ್ತಕ್ಷರದಲ್ಲಿಯೇ ಅರ್ಥ ಅಡಗಿರುವುದು. 'ಥ'ಕಾರದ ಹೊಟ್ಟೆಯಲ್ಲಿನ ಬೊಟ್ಟು ಕರಗಿದರೆ ಅದು 'ಧ'ಕಾರವೇ ಆಗಿ ಕಾಣುವುದು. ಗ್ರಹಕ್ಕೂ ಗೃಹಕ್ಕೂ ಇರುವ ವ್ಯತ್ಯಾಸ ಒಂದು ಸಣ್ಣ ಸುಳಿ. ಗೃಹಪ್ರವೇಶದ ಆಮಂತ್ರಣ ಗ್ರಹಪ್ರವೇಶವಾಗಿ ಅಚ್ಚಾದುದನ್ನು ಕಂಡು ನಕ್ಕವರುಂಟು. ಅದನ್ನು ತಿದ್ದದೆ ಬಿಟ್ಟವನಿಗೆ ಮಾತ್ರ ನಗೆ ಬಾರದು.

165 ಸಲದ ಮಾತಂತೂ ಆಟವಾಡುವವರಿಗೆ ಸಂಬಂಧಿಸಿದ್ದು. ನಿಂತ ಪುಟವನ್ನು ಓದಲು ಸೆಕೆಂಡಿಗೆ 60 ಸಲ ಧಾರಾಳವಾಗಿ ಸಾಕು.

ಮರುದಿನ ಮೇಷ್ಟ್ರು ಒಂದು ಪೆನ್ ಡ್ರೈವಿನಲ್ಲಿ ತಿದ್ದುತ್ತಿದ್ದ ಪುಸ್ತಕದ ನಾಲ್ಕು ಪುಟಗಳನ್ನು ತುಂಬಿಕೊಂಡು ಸಾದರ ಪತ್ರಪ್ಪ ರಸ್ತೆಗೆ ಹೋದರು. ಎಸ್.ಪಿ. ರಸ್ತೆಯೆಂದರೆ ಆಟೋದವರಿಗೆ ಬೇಗ ತಿಳಿಯುವುದು. ಅಂಗಡಿಯ ಪರದೆಗಳೆಲ್ಲ ಬಣ್ಣಬಣ್ಣದ ಗಿಣಿಗಳನ್ನೂ ಜಲಪಾತಗಳನ್ನೂ ತೋರಿಸುತ್ತಿದ್ದವು. ಗಿಣಿ ಯಾವ ಪರದೆಯಲ್ಲಿ ತಾನೆ ಚೆನ್ನಾಗಿ ಕಾಣದು? "ಇದರಲ್ಲಿ ಈ ಪುಟ ತೆರೆಯಪ್ಪ" ಎಂದರು ಮೇಷ್ಟ್ರು. ಅಂಗಡಿಯ ಹುಡುಗನಿಗೆ ಆಶ್ಚರ್ಯವಾದರೂ ತೆರೆದನು. ಒಂದರಲ್ಲಿ ತಲೆ ಸ್ವಲ್ಪ ಆಚೀಚೆ ಸರಿದರೆ ಬಿಳಿಯ ಪುಟ ಹಳದಿಯಾಗಿ ಮಂಕಾಯಿತು. ಐ.ಪಿ.ಎಸ್. ಎಂಬ ಬಗೆಯ ಪರದೆಯಲ್ಲಿ ಯಾವ ಕಡೆಯಿಂದ ನೋಡಿದರೂ ಬಣ್ಣ ಹೆಚ್ಚು ಕೆಡಲಿಲ್ಲ. ಡಬ್ಬದ ಮೇಲೆ ಕೋಟಿಗೆ ಒಂದೆಂದು ಅಚ್ಚಾಗುವ ಕಪ್ಪುಬಿಳುಪಿನ ಪ್ರಮಾಣವನ್ನು ನಂಬಿ ಕೊಳ್ಳಬೇಕಾದುದಿಲ್ಲ. ಈ ಬಗೆಯ ಸಾಧಾರಣ ಪರದೆಗಳ ನಿಜವಾದ ಪ್ರಮಾಣ ಸಾವಿರಕ್ಕೆ ಒಂದರ ಆಸುಪಾಸಿನದು, ಓದಲು ಅದು ಸಾಕು.

ಪಕ್ಕದ ಅಂಗಡಿಯಲ್ಲಿ ಕಚೇರಿಯೊಂದರಿಂದ ಬಂದ ಹಳೆಯ 24 ಇಂಚಿನ ಪರದೆಯೊಂದು ರೂ. 4,500ಕ್ಕೆ ಕಾದಿತ್ತು. ಏರಿಸಬಹುದಾದ, ಪುಟದಂತೆ ಉದ್ದಕ್ಕೆ ತಿರುಗಿಸಬಹುದಾದ ಗಟ್ಟಿ ನಿಲುವು. ಮೇಷ್ಟ್ರಿಗೆ ಬಹಳ ಆಸೆಯಾಯಿತು. ಉಳಿದ ಹಣದಲ್ಲಿ ಮೂರು ತಿಂಗಳ ಔಷಧ ಬರುತ್ತಿತ್ತು. ಅದರಲ್ಲಿಯೂ ತಮ್ಮ ಪುಟವನ್ನು ತೆರೆಯಿಸಿದರು. ಬೆಳಕು ಅಂಚುಗಳಲ್ಲಿ ಕಂದಿತ್ತು. ಖಾತರಿ ಒಂದು ತಿಂಗಳದು; ಎಷ್ಟು ಸಾವಿರ ಗಂಟೆ ಉರಿದಿದೆಯೆಂದು ಹೇಳಬಲ್ಲವರಿರಲಿಲ್ಲ. ದುಡಿಮೆಗಲ್ಲದೆ ಕಾಲಹರಣಕ್ಕೆ ಬೇಕಾಗಿದ್ದರೆ ಕೊಳ್ಳಬಹುದಾಗಿತ್ತು. ಇನ್ನೊಂದು ಮುಂಜಾನೆ ಇನ್ನೊಂದು ಪುಸ್ತಕ ಅರ್ಧದಲ್ಲಿ ನಿಲ್ಲುವುದನ್ನು ನೆನೆದು ಅವರು ಹಿಂದಿರುಗಿದರು.

ಹೊಸ 24 ಇಂಚಿನ ಐ.ಪಿ.ಎಸ್. ಪರದೆ, ಮೂರು ವರ್ಷದ ಖಾತರಿಯೊಡನೆ, ರೂ. 7,800ಕ್ಕೆ ನಿಂತಿತು. ಹಣ ಕೊಡುವ ಮುನ್ನ ಪರದೆಯನ್ನು ಪೂರ್ತಿ ಬಿಳಿ, ಕಪ್ಪು, ಕೆಂಪು, ಹಸಿರು, ನೀಲಿ ಮಾಡಿಸಿ ಸತ್ತ ಚುಕ್ಕೆಗಳಿವೆಯೇ ಎಂದು ಹುಡುಕಿದರು. ಒಂದೆರಡು ಚುಕ್ಕೆ ಸತ್ತರೆ ಬದಲಿಸಿಕೊಡದ ಕಂಪನಿಗಳುಂಟಾದ್ದರಿಂದ ಇದು ಅಂಗಡಿಯಲ್ಲಿಯೇ ಮುಗಿಯಬೇಕಾದ ಕಾರ್ಯ.

ಬಿಲ್ಲು ಬರೆಯುವಾಗ ಹುಡುಗನು ರೂ. 900ರ ಪರಿವರ್ತಕವೊಂದನ್ನು ಸೇರಿಸಿದನು. ಹಳೆಯ ಕಂಪ್ಯೂಟರಿನ ವಿ.ಜಿ.ಎ. ಕಿಂಡಿಗೆ ಹೊಸ ಪರದೆಯ ಎಚ್.ಡಿ.ಎಂ.ಐ. ತಂತಿ ನೇರವಾಗಿ ಸೇರದು ಎಂಬುದು ನಿಜವೇ. ಆದರೆ ಮೇಷ್ಟ್ರು ಕಂಪ್ಯೂಟರಿನ ಬೆನ್ನಿನ ಚಿತ್ರವನ್ನು ಫೋನಿನಲ್ಲಿ ತೆಗೆದು ತಂದಿದ್ದರು. ಅದರಲ್ಲಿ ಇಷ್ಟು ವರ್ಷ ಯಾರೂ ಮುಟ್ಟದ ಬಿಳಿಯ ಡಿ.ವಿ.ಐ. ಕಿಂಡಿಯೊಂದಿತ್ತು. ಡಿ.ವಿ.ಐ.ಯಿಂದ ಎಚ್.ಡಿ.ಎಂ.ಐ.ಗೆ ಪರಿವರ್ತಕ ಬೇಡ, ಎರಡು ತುದಿಯ ಸಾಧಾರಣ ತಂತಿ ಸಾಕು: ರೂ. 250. ಒಟ್ಟು ಐವತ್ತು ರೂಪಾಯಿ ಮಿತಿಮೀರಿತು. ಅದನ್ನು ಮನೆಯಾಕೆ ಸಾಸಿವೆ ಡಬ್ಬಿಯಿಂದ ತುಂಬಿಕೊಟ್ಟರು.

"ಕೆಳಗಾಯ್ತಲ್ಲ ಅಂದ್ರೆ, ಎರಡು ಪಂಚಾಂಗದ ಕಟ್ಟು ಇಡಲೇನು?" ಎಂದು ಕೇಳಿದವರೂ ಆಕೆಯೇ. ಬೇಕಾಗಲಿಲ್ಲ. ಎರಡು ಭಾಗದ ಕನ್ನಡಕ ಹಾಕುವವರು ಹತ್ತಿರದ್ದನ್ನು ಓದುವುದು ಗಾಜಿನ ಕೆಳಭಾಗದಿಂದ. ಪರದೆ ಎತ್ತರದಲ್ಲಿದ್ದರೆ ದಿನವೆಲ್ಲ ಗದ್ದವೆತ್ತಿ ಕತ್ತು ನೋಯುವುದು. ಏರಿಸುವ ನಿಲುವಿಲ್ಲದ ಅಗ್ಗದ ಪರದೆಯ ತಗ್ಗೇ ಇಲ್ಲಿ ಅನುಕೂಲವಾಯಿತು. ಕಿಟಕಿಯ ಬಿಸಿಲು ಮೇಲೆ ಬೀಳದಂತೆ ಮೇಜನ್ನು ಅಡ್ಡಕ್ಕೆ ತಿರುಗಿಸಿದರು. ಹಳೆಯ ಪರದೆಯ ದೀಪದ ಕೊಳವೆಗಳಲ್ಲಿ ಪಾದರಸವಿರುವುದರಿಂದ ಗುಜರಿಯವನಿಗೆ ಹಾಕದೆ, ಎಲೆಕ್ಟ್ರಾನಿಕ್ ಕಸ ಸ್ವೀಕರಿಸುವವರಿಗೆ ಕೊಡಲೆಂದು ಬಟ್ಟೆ ಸುತ್ತಿ ಇಟ್ಟರು.

ಆ ಸಂಜೆ ಹೊಸ ಪರದೆಯಲ್ಲಿ ಅವರು ಮೊದಲು ತೆರೆದದ್ದು ತಿದ್ದಿ ಮುಗಿಸಿ ಕಳುಹಿಸಿದ್ದ ಪುಟಗಳನ್ನೇ. ಅರವತ್ತೆರಡನೆಯ ಪುಟದಲ್ಲಿ ಒಂದು 'ಅರ್ಥ' 'ಅರ್ಧ'ವಾಗಿ ಕುಳಿತಿತ್ತು. ಮೇಷ್ಟ್ರು ಕನ್ನಡಕ ತೆಗೆದು, ಒರಸಿ, ಮತ್ತೆ ಹಾಕಿಕೊಂಡು ನೋಡಿದರು. ಒಡನೆಯೇ ಮುದ್ರಣಾಲಯಕ್ಕೆ ಫೋನ್ ಮಾಡಿದರು. ಆ ಪುಟ ಇನ್ನೂ ಅಚ್ಚಿಗೆ ಹೋಗಿರಲಿಲ್ಲ.