ಗೊಂಬೆ ಕೂಡಿಡೋಕೆ ಪಾರ್ಸೆಲ್ ಬರಬೇಕಿಲ್ಲ

1/5
ಹೋದ ವಾರ ನನ್ನ ಗೊಂಬೆ ಶೆಲ್ಫಿನ ಫೋಟೋ ಹಾಕಿದ್ದೆ. ಬಂದ ಮೆಸೇಜುಗಳಲ್ಲಿ ಎರಡೇ ಬಗೆ. ‘ಲಬೂಬು ಇಲ್ದೆ ಅದ್ಯಾವ ಕಲೆಕ್ಷನ್ ಕಣೇ?’ ಅನ್ನೋದು ಒಂದು. ‘ಡಿಗ್ರಿಗೆ ಬಂದು ಇನ್ನೂ ಗೊಂಬೆನಾ?’ ಅನ್ನೋದು ಇನ್ನೊಂದು. ಇಬ್ಬರಿಗೂ ಇಲ್ಲೇ ಉತ್ತರ ಕೊಡ್ತೀನಿ, ಉದ್ದ ಆಗುತ್ತೆ, ಓದಿ.

ಲಬೂಬು ಮೇಲೆ ನನಗೇನೂ ಸಿಟ್ಟಿಲ್ಲ. ಕಾಸಿಂಗ್ ಲುಂಗ್ ಅನ್ನೋ ಕಲಾವಿದ ಬರೆದ ಪಾತ್ರ ಅದು, ಮುದ್ದಾಗೇ ಇದೆ. ನನ್ನ ತಕರಾರು ಆ ಮುಚ್ಚಿದ ಡಬ್ಬದ ಮೇಲೆ. ಒಳಗೆ ಯಾವುದಿದೆ ಅಂತ ಗೊತ್ತಿಲ್ದೆ ದುಡ್ಡು ಕೊಡೋದು, ಬೇಕಾದ್ದು ಬರದಿದ್ರೆ ಮತ್ತೆ ಕೊಡೋದು. ಜಾತ್ರೆಲಿ ರಿಂಗ್ ಎಸೆಯೋ ಆಟಕ್ಕೆ ಅಪ್ಪ ಬೈತಿದ್ರಲ್ಲ, ಅದೇ ಇದು.

2/5
ಈಗ ಹುಡುಗರಿಗೆ. ಗೊಂಬೆ ಹುಡುಗೀರ ಆಟ ಅಂತೀರಲ್ಲ, ಮಣ್ಣೆತ್ತಿನ ಅಮಾವಾಸ್ಯೆಗೆ ಕೆಸರು ಮೆತ್ಕೊಂಡು ಜೋಡಿ ಎತ್ತು ಮಾಡಿದ್ದು ಯಾರು? ಕೋಡು ಮುರೀತು ಅಂತ ಅತ್ತಿದ್ದು ಯಾರು? ಅದೂ ಗೊಂಬೇನೇ ಕಣ್ರೋ. ಪೂಜೆ ಆದ್ಮೇಲೆ ನೀರಿಗೆ ಬಿಟ್ಬಿಡ್ತೀವಿ. ಈ ಸಲ ಒಂದು ಜೋಡಿ ಹೆಚ್ಚಿಗೆ ಮಾಡಿ, ನೆರಳಲ್ಲಿ ಒಣಗಿಸಿ ಎತ್ತಿಡಿ. ಸುಡದ ಮಣ್ಣು, ಒದ್ದೆ ಬಟ್ಟೇಲಿ ಒರೆಸಬೇಡಿ, ಒಣಗಿದ ಬ್ರಷ್ ಸಾಕು. ಹೊನ್ನಾಳಿ ಹೊಳೆದಂಡೆ ಮಣ್ಣಿಂದು ಒಂದು ಜೋಡಿ, ಜಗಳೂರು ಹೊಲದ ಮಣ್ಣಿಂದು ಒಂದು ಜೋಡಿ ಪಕ್ಕದಲ್ಲಿಟ್ಟು ನೋಡಿ. ಕಲೆಕ್ಷನ್ ಅಂದ್ರೆ ಅದು.

3/5
ಇದನ್ನ ಬರೆಯೋಕೆ ಕಷ್ಟ ಆಗುತ್ತೆ. ಗೌರಿ ಹುಣ್ಣಿಮೆಗೆ ಸಕ್ಕರೆ ಆರತಿ ಮಾಡ್ತಾರಲ್ಲ, ಮದುವೆ ಗೊತ್ತಾದ ಹುಡುಗಿ ಮನೆಗೆ ಗಂಡಿನ ಕಡೆಯವರು ಕಳಿಸೋದು? ಅದರ ಮರದ ಅಚ್ಚುಗಳು ನಮ್ಮಜ್ಜಿ ಹತ್ರ ಒಂದು ಗೋಣಿಚೀಲ ಇದ್ವು. ಆನೆ, ನವಿಲು, ತೇರು. ಎರಡು ಹೋಳು ಜೋಡಿಸಿ ದಾರ ಬಿಗಿದು ಪಾಕ ಹುಯ್ಯೋದು. ಅಂಗಡೀಲೇ ಸಿಗುತ್ತೆ ಅಂತಾದ್ಮೇಲೆ ಚೀಲ ಅಟ್ಟ ಸೇರ್ತು. ಅಜ್ಜಿ ತೀರಿಕೊಂಡ ವರ್ಷ ಅವು ಬಚ್ಚಲ ಒಲೆಗೆ ಹೋದ್ವು. ನಾನೂ ಅದೇ ನೀರಲ್ಲಿ ಸ್ನಾನ ಮಾಡಿದೀನಿ. ಆಮೇಲೆ ಬೂದಿ ಕೆದಕಿದಾಗ ಸಿಕ್ಕಿದ್ದು ನವಿಲಿನ ಅರ್ಧ ಹೋಳು. ಶೆಲ್ಫಲ್ಲಿ ಕರ್ರಗೆ ಕಾಣ್ತಿರೋದು ಅದೇ. ‘ಅದೇನದು ಇದ್ದಿಲು’ ಅಂತ ಕೇಳಿದವರಿಗೆ ಇದು.

ಸಕ್ಕರೆ ಗೊಂಬೆ ಕೂಡಿಡೋಕಾಗಲ್ಲ, ಇರುವೆ ಬಿಡಲ್ಲ. ಅಚ್ಚು ಉಳಿಯುತ್ತೆ. ಚನ್ನಗಿರಿ, ನ್ಯಾಮತಿ ಕಡೆ ಅಟ್ಟ ಇರೋರು ಇವತ್ತೇ ಹತ್ತಿ ನೋಡ್ರಪ್ಪಾ.

4/5
‘ನಮ್ಮನೇಲಿ ದಸರಾ ಗೊಂಬೆ ಕೂರಿಸೋ ಪದ್ಧತಿ ಇಲ್ಲ’ ಅಂತಾನೂ ಒಬ್ಬಳು ಕೇಳಿದ್ದಳು. ನಮ್ಮನೇಲೂ ಇಲ್ಲ. ಪಟ್ಟದ ಗೊಂಬೆ, ಮೆಟ್ಟಿಲು ಎಲ್ಲ ಮೈಸೂರು ಕಡೆ ಜೋರು. ಪದ್ಧತಿ ಇದ್ದವರು ಕೂರಿಸಲಿ, ಚೆಂದ. ಗೊಂಬೆ ಇಟ್ಟುಕೊಳ್ಳೋಕೆ ಮನೆತನದ ಪರ್ಮಿಷನ್ ಬೇಕು ಅಂತ ಮಾತ್ರ ಹೇಳಬೇಡಿ.

ಕೊಂಡುಕೊಳ್ಳೋದೇ ಆದ್ರೆ ತಿಳಿದು ಕೊಳ್ಳಿ. ಚನ್ನಪಟ್ಟಣದ್ದು ಹಗುರ ಆಲೆಮರ. ತಿರುಗೋ ಮರಕ್ಕೆ ಬಣ್ಣದ ಅರಗು ಒತ್ತಿದಾಗ ಬಿಸಿಗೆ ಕರಗಿ ಹಿಡಿಯುತ್ತೆ, ಹಾಗಾಗಿ ಆ ಬಣ್ಣದಲ್ಲಿ ಬ್ರಷ್ಷಿನ ಗೆರೆ ಇರಲ್ಲ. ಕೊಪ್ಪಳದ ಕಿನ್ನಾಳದ್ದು ಬೇರೆ ದಾರಿ: ಚಿತ್ರಗಾರ ಮನೆತನದವರು ಹಗುರ ಮರ ಕೆತ್ತಿ, ಹುಣಸೆಬೀಜದ ಅಂಟಲ್ಲಿ ತುಂಡು ಕೂಡಿಸಿ, ಮೇಲೆ ಬಣ್ಣ ಬರೀತಾರೆ. ಎರಡಕ್ಕೂ ಜಿಐ ಗುರುತು ಇದೆ. ವರ್ಷಕ್ಕೊಂದು ತಗೊಂಡ್ರೂ ಸಾಕು.

5/5
ಗೊಂಬೆಮನೆ ಕಿಟ್ ಲಿಂಕ್ ಕೇಳೋರಿಗೆ: ಕೊಡಲ್ಲ. ಆ ಕಿಟ್ಟಲ್ಲಿ ಯಾವುದೋ ಊರಿನ ಕೆಫೆ, ಬೆಂಕಿಗೂಡು. ಪಡಸಾಲೆ ಎಲ್ಲಿದೆ? ಒರಳು ಎಲ್ಲಿದೆ? ಶೂ ಡಬ್ಬ ತಗೊಳ್ಳಿ. ಒಂದು ಅಡಿಗೆ ಒಂದು ಇಂಚು ಲೆಕ್ಕ ಹಿಡೀರಿ, ಗೊಂಬೆಮನೆ ಮಾಡೋರು ಎಲ್ಲ ಕಡೆ ಬಳಸೋ ಅಳತೆ ಅದು. ಆರು ಅಡಿ ಬಾಗಿಲು ಆರು ಇಂಚು. ಮಾಡಿಗೆ ಅಡಿಕೆ ಹಾಳೆ, ಚನ್ನಗಿರಿಯವರಿಗೆ ಹೇಳೋದೇ ಬೇಡ. ಜನಕ್ಕೆ ಮೆಕ್ಕೆಜೋಳದ ತೆನೆ ಸಿಪ್ಪೆ, ನೆನೆಸಿ ಮಡಚಿದ್ರೆ ಸೀರೆ ನೆರಿಗೆ ತಾನಾಗೇ ಬೀಳುತ್ತೆ.

ಪ್ರತಿಯೊಂದರ ಅಡಿಗೆ ಚೀಟಿ ಅಂಟಿಸಿ: ಯಾರು ಮಾಡಿದ್ದು, ಯಾವ ಊರು, ಯಾವ ವರ್ಷ. ನನ್ನ ನವಿಲಿನ ಚೀಟೀಲಿ ವರ್ಷದ ಜಾಗ ಖಾಲಿ ಇದೆ. ಅಜ್ಜಿನ ಕೇಳಿರಲಿಲ್ಲ.

ಅಚ್ಚು ಸಿಕ್ಕವರು ಫೋಟೋ ಡಿಎಂ ಮಾಡಿ. ಮಾರೋಕಲ್ಲ, ನೋಡೋಕೆ.

#ಗೊಂಬೆ #ಮಣ್ಣೆತ್ತು #ಸಕ್ಕರೆಆರತಿ #ಹೊನ್ನಾಳಿ #ಚನ್ನಗಿರಿ #ನ್ಯಾಮತಿ #ಜಗಳೂರು